ಹಾಡಜ್ಜಿಯ ಬುಧವಾರಗಳು

ಮರದ ನೆಲಕ್ಕೆ ಹಚ್ಚುವ ಪಾಲಿಶ್, ಒದ್ದೆ ಕೋಟುಗಳು, ಚಹಾಕ್ಕೆಂದು ಬೆಳಗಿನಿಂದ ಕುದಿಯುತ್ತಲೇ ಇರುವ ನೀರು... ಈ ಮೂರೂ ಬೆರೆತ ವಾಸನೆಯನ್ನು ನಾನು ಒಂದೇ ಒಂದು ಕಡೆ ಕಂಡಿದ್ದೇನೆ. ಮೊನ್ನೆ ಮತ ಹಾಕಲೆಂದು ಎಜ್‌ವೇರ್‌ನ ಚರ್ಚೊಂದರ ಹಾಲ್‌ಗೆ ಹೋದಾಗ ಬಾಗಿಲಲ್ಲೇ ಅದು ಮೂಗಿಗೆ ಬಡಿಯಿತು. ಕೊಲಿಂಡೇಲ್‌ನ ಫ್ಲಾಟ್ ಬಿಟ್ಟು ಈ ಕಡೆ ಮನೆ ಮಾಡಿ ವರ್ಷವಾಗಿದ್ದರೂ ಆ ಹಾಲ್ ಇರುವ ಬೀದಿಯನ್ನು ತಪ್ಪಿಸಿಕೊಂಡೇ ಓಡಾಡುತ್ತಿದ್ದೆ. ಮತಪತ್ರ ಕೊಡುವ ಹೆಂಗಸು ನನ್ನ ವಿಳಾಸವನ್ನು ಎರಡು ಸಲ ಕೇಳಬೇಕಾಯಿತು. ನನ್ನ ಕಣ್ಣು ಕಿಟಕಿಯ ಕೆಳಗಿನ ಖಾಲಿ ನೆಲದ ಮೇಲಿತ್ತು. ಅವರು ಕಾಲು ಚಾಚಿಕೊಂಡು ಕೂರುತ್ತಿದ್ದದ್ದು ಅಲ್ಲಿ.

ನಾವು ತಾಯಂದಿರು ಅವರನ್ನು ಟೀಚರ್ ಎನ್ನುತ್ತಿದ್ದೆವು. ಮಕ್ಕಳು ಹಾಡಜ್ಜಿ ಎನ್ನುತ್ತಿದ್ದರು. ಧಾರವಾಡದವರು. ಗಂಡ ಇಲ್ಲಿಯ ಆಸ್ಪತ್ರೆಯಲ್ಲಿ ಬಹಳ ವರ್ಷ ಡಾಕ್ಟರಾಗಿದ್ದು ನಿವೃತ್ತರಾಗಿದ್ದರು. ಇವರೂ ಒಂದು ನರ್ಸರಿಯಲ್ಲಿ ಪಾಠ ಹೇಳಿ ಕೆಲಸ ಬಿಟ್ಟಿದ್ದರು. ಬಿಟ್ಟ ಮೇಲೆ ಸುಮ್ಮನೆ ಕೂರಲಾಗದೆ ಪ್ರತಿ ಬುಧವಾರ ಬೆಳಿಗ್ಗೆ ಹತ್ತಕ್ಕೆ ಸ್ಟ್ಯಾನ್ಮೋರ್‌ನಿಂದ ತಾವೇ ಕಾರು ಓಡಿಸಿಕೊಂಡು ಆ ಹಾಲ್‌ಗೆ ಬಂದು, ಇನ್ನೂ ಶಾಲೆಗೆ ಹೋಗದ ಕನ್ನಡದ ಮಕ್ಕಳಿಗೆ ಹಾಡು ಕಲಿಸುತ್ತಿದ್ದರು. ಕಲಿಸುತ್ತಿದ್ದರು ಎನ್ನುವುದು ಸರಿಯಾದ ಮಾತೋ ಅಲ್ಲವೋ ತಿಳಿಯದು. ಸರಿಗಮ ಇರಲಿಲ್ಲ, ಶ್ರುತಿಪೆಟ್ಟಿಗೆ ಇರಲಿಲ್ಲ. ಒಂದು ಬಟ್ಟೆಯ ಚೀಲ, ಅದರಲ್ಲಿ ಬೆರಳಿನಿಂದ ತಟ್ಟಿ ನುಡಿಸುವ ಅಂಗೈಯಗಲದ ಒಂದು ದಮ್ಮಡಿ, ಹಳೆಯ ರೇಷ್ಮೆ ಸೀರೆ ಕತ್ತರಿಸಿ ಅಂಚು ಹೊಲಿದ ಹತ್ತಿಪ್ಪತ್ತು ಚೌಕಗಳು, ಅಷ್ಟೆ.

ದನಿ ಏರಿದಂತೆ ಮಕ್ಕಳು ಆ ಬಟ್ಟೆಯನ್ನು ತಲೆಯ ಮೇಲೆತ್ತಬೇಕು, ಇಳಿದಂತೆ ಇಳಿಸಬೇಕು. ಹಾಡು ಮುಗಿಯುವಾಗ ಬಟ್ಟೆ ನೆಲ ಮುಟ್ಟಿರಬೇಕು. ಇನ್ನೊಂದು ಅವರೇ ಕಟ್ಟಿದ ಹಾಡು. "ಆಮಿ ಹ್ಯಾಂಗ ನಡೀತದ?" ಎಂದು ಅವರು ಕೇಳುತ್ತಿದ್ದರು. "ಹಿಂಗ... ಹಿಂಗ... ಹಿಂಗ..." ಎನ್ನುತ್ತಾ ಮಕ್ಕಳು ಒಂದೊಂದೇ ಹೆಜ್ಜೆ ಎತ್ತಿಡುತ್ತಿದ್ದವು. ಆಮೆಯಾದ ಮೇಲೆ ಕುದುರೆ, ಕುದುರೆಯಾದ ಮೇಲೆ ಬೆಕ್ಕು. ನಡುವೆ ಎಲ್ಲೋ ದಮ್ಮಡಿ ತಟ್ಟನೆ ನಿಲ್ಲುತ್ತಿತ್ತು. ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ಹನ್ನೆರಡು ಪುಟ್ಟ ಮಕ್ಕಳು ಉಸಿರು ಬಿಗಿಹಿಡಿದು ನಿಂತ ಆ ಕ್ಷಣದಲ್ಲಿ ಹೊರಗಿನ ಬಸ್ಸಿನ ಸದ್ದು ಕೂಡ ಸ್ಪಷ್ಟವಾಗಿ ಕೇಳುತ್ತಿತ್ತು.

ನನ್ನ ಮಗಳಿಗೆ ಆಗ ಎರಡೂವರೆ ವರ್ಷ. ಒಂದು ಮಾತೂ ಆಡುತ್ತಿರಲಿಲ್ಲ. ಬೇಕಾದದ್ದರ ಕಡೆ ನನ್ನ ಕೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದಳು. ಕಿವಿಯ ಪರೀಕ್ಷೆಯಾಗಿತ್ತು, ಕಿವಿ ಚೆನ್ನಾಗಿತ್ತು. ಮಾತಿನ ಥೆರಪಿಗೆ ನಮ್ಮ ಜಿಪಿ ಡಾಕ್ಟರು ಬರೆದುಕೊಟ್ಟಿದ್ದರು, ಸರದಿ ಬರುವವರೆಗೆ ಕಾಯಬೇಕಿತ್ತು. ಮನೆಯಲ್ಲಿ ಎರಡು ಭಾಷೆ ಆಗಿ ಮಗುವಿಗೆ ಗಲಿಬಿಲಿಯಾಗಿದೆ, ಕನ್ನಡ ನಿಲ್ಲಿಸಿ ಬರೀ ಇಂಗ್ಲಿಷ್ ಮಾತಾಡಿ ಎಂದು ಗೆಳತಿಯೊಬ್ಬಳು ಹೇಳಿದ್ದಳು. ಹೆದರಿದ ನಾನು ಅದನ್ನೂ ಶುರುಮಾಡಿದ್ದೆ. ಮೈಸೂರಿನಿಂದ ಈ ದೇಶಕ್ಕೆ ಬಂದು ಮೂರು ವರ್ಷವಾಗಿದ್ದ ನನಗೆ ಅಂಗಡಿಯ ಇಂಗ್ಲಿಷ್, ಆಫೀಸಿನ ಇಂಗ್ಲಿಷ್ ಬರುತ್ತಿತ್ತು. ಮಗುವನ್ನು ಮುದ್ದಿಸುವ ಇಂಗ್ಲಿಷ್ ಬರುತ್ತಿರಲಿಲ್ಲ. ಹಾಗಾಗಿ ಮುದ್ದಿಸುವುದೇ ಕಡಿಮೆಯಾಗಿತ್ತು.

ಮೊದಲ ದಿನ ಹಾಲ್‌ನ ಒಳಗೆ ಕಾಲಿಟ್ಟವಳೇ ಮಗಳು ಮೂಲೆಯ ಮೇಜಿನ ಕೆಳಗೆ ಹೋಗಿ ಕೂತಳು. ನಾನು ಎಳೆದು ತರಲು ಹೋದೆ. ಟೀಚರ್ ಕೂತಲ್ಲಿಂದಲೇ ಕೈಯೆತ್ತಿ ತಡೆದರು.

"ಕುಂದರಲಿ ಬಿಡವಾ. ಆಕಿ ಕಿವಿ ಇಲ್ಲೇ ಅದಾವ."

ಏಳೆಂಟು ವಾರ ಅವಳು ಆ ಮೇಜಿನ ಕೆಳಗೇ ಇದ್ದಳು. ಟೀಚರ್ ಒಮ್ಮೆಯೂ ಕರೆಯಲಿಲ್ಲ. ಬಟ್ಟೆಯ ಚೌಕಗಳನ್ನು ಹಂಚುವಾಗ ಮಾತ್ರ ಒಂದನ್ನು ಮೇಜಿನ ಅಂಚಿಗೆ ಇಳಿಬಿಟ್ಟು ಬರುತ್ತಿದ್ದರು. ಒಂದು ದಿನ ಎಲ್ಲರೂ ಹೊರಟ ಮೇಲೆ ನಾನು ಮಗಳಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿ ಶೂ ಹಾಕುತ್ತಿದ್ದೆ. ಯಾಕೆ ಹೀಗೆ ಅವಳ ಜೊತೆ ಇಂಗ್ಲಿಷ್ ಎಂದು ಟೀಚರ್ ವಿಚಾರಿಸಿದರು. ಕಾರಣ ಹೇಳುತ್ತ ಹೇಳುತ್ತ ನನಗೆ ಅಳು ಬಂತು. ಅವರು ಸಮಾಧಾನ ಮಾಡಲು ಹೋಗಲಿಲ್ಲ, ಅಳು ನಿಲ್ಲುವವರೆಗೆ ಪಕ್ಕದಲ್ಲಿ ಕೂತಿದ್ದರು. ಆಮೇಲೆ, "ಈಗ ಯಾವ ಭಾಷಾದಾಗ ಅತ್ತಿ, ಅದರಾಗ ಮಾತಾಡವಾ ಆಕಿ ಜೋಡಿ," ಎಂದರು.

ಅದಾಗಿ ಸುಮಾರು ಒಂದು ತಿಂಗಳಿಗೆ, ನಮ್ಮ ಕಟ್ಟಡದ ಆರನೇ ಮಹಡಿಯಲ್ಲಿ ಲಿಫ್ಟ್‌ಗೆ ಕಾಯುತ್ತಿದ್ದೆವು. ಲಿಫ್ಟ್ ತಡವಾಗಿತ್ತು. ನಾನು ಫೋನ್ ನೋಡುತ್ತಿದ್ದೆ. ಪಕ್ಕದಲ್ಲಿ ಸಣ್ಣ ದನಿ ಕೇಳಿಸಿತು. ಮಗಳು ಕಾರಿಡಾರಿನ ಕಾರ್ಪೆಟ್ ಮೇಲೆ ಆಮೆಯಂತೆ ಬಾಗಿ ಹೆಜ್ಜೆ ಇಡುತ್ತಿದ್ದಳು. "ಹಿಂಗ... ಹಿಂಗ... ಹಿಂಗ..." ರಾಗ ಸರಿಯಾಗಿತ್ತು, ನಿಲ್ಲುವ ಜಾಗವೂ ಸರಿಯಾಗಿತ್ತು. ಮೈಸೂರಿನವರ ಮಗು ಬಾಯಿಬಿಟ್ಟು ಆಡಿದ ಮೊದಲ ಮಾತು ಧಾರವಾಡದ ಕನ್ನಡದಲ್ಲಿತ್ತು. ಲಿಫ್ಟ್ ಬಂತು, ಬಾಗಿಲು ತೆರೆಯಿತು, ಮುಚ್ಚಿಕೊಂಡು ಹೋಯಿತು. ನಾವು ಹತ್ತಲಿಲ್ಲ.

ಇಷ್ಟು ಕೊಟ್ಟವರಿಗೆ ನಾನು ಮಾಡಿದ್ದನ್ನೂ ಬರೆಯಬೇಕು.

ನಮ್ಮ ಕನ್ನಡ ಕೂಟದ ವಾರ್ಷಿಕೋತ್ಸವಕ್ಕೆ ಪುಟ್ಟ ಮಕ್ಕಳ ಹಾಡೊಂದು ಇರಲಿ ಎಂದು ತಾಯಂದಿರೆಲ್ಲ ಮಾತಾಡಿಕೊಂಡೆವು. ಜರಿಲಂಗ, ಹೂವು, ಹಿನ್ನೆಲೆಗೆ ರೆಕಾರ್ಡ್ ಮಾಡಿದ ಸಂಗೀತ. ಊರಿನ ಅಜ್ಜ ಅಜ್ಜಿಯರಿಗೆ ವಿಡಿಯೋ ಕಳಿಸಬಹುದು. ಟೀಚರ್ ಒಪ್ಪಲಿಲ್ಲ. ಸಿಟ್ಟೇನೂ ಮಾಡಿಕೊಳ್ಳಲಿಲ್ಲ, ಬಟ್ಟೆಗಳನ್ನು ಮಡಚುತ್ತಲೇ ಹೇಳಿದರು: "ಇವು ಇನ್ನೂ ತಮ್ಮ ಸಲುವಾಗಿ ಹಾಡ್ಲಿಕ್ಕತ್ತಾವ. ಮಂದಿ ಸಲುವಾಗಿ ಹಾಡೋದು ಆಮ್ಯಾಲೆ ಇದ್ದ ಅದ. ಒಂದೆರಡು ವರ್ಷ ತಡೀರಿ."

ನಾವು ತಡೆಯಲಿಲ್ಲ. ಅವರಿಗೆ ಹಟ ಎಂದು ಒಬ್ಬರು, ಅವರ ರೀತಿ ಹಳೆಯದಾಯಿತು ಎಂದು ಇನ್ನೊಬ್ಬರು ಅಂದರು. ಹ್ಯಾಂಗ, ಹಿಂಗ ಎಂದು ಮಕ್ಕಳ ಕನ್ನಡ ಕೆಡುತ್ತಿದೆ ಎಂಬ ಮಾತೂ ಬಂತು. ಆ ಮಾತು ಬಂದಾಗ ನಾನು ಅಲ್ಲೇ ಇದ್ದೆ. ಲಿಫ್ಟಿನ ಮುಂದೆ ಕೇಳಿದ್ದನ್ನು ಹೇಳಬಹುದಿತ್ತು. ಹೇಳಲಿಲ್ಲ... ಎಲ್ಲರೊಂದಿಗೆ ಇರಬೇಕೆಂಬ ಆಸೆ ಆ ವಯಸ್ಸಿನಲ್ಲಿ, ಈ ಊರಿನಲ್ಲಿ, ನನಗೆ ಬಹಳ ಇತ್ತು. ಕೊಲಿಂಡೇಲ್‌ನಲ್ಲಿಯೇ ಬೇರೊಬ್ಬರ ಬಳಿ ಶನಿವಾರದ ಹಾಡಿನ ಕ್ಲಾಸ್ ಗೊತ್ತುಮಾಡಿದ್ದಾಯಿತು. ಟೀಚರ್‌ಗೆ ತಿಳಿಸುವುದು ಯಾರು ಎಂಬ ಪ್ರಶ್ನೆ ಬಂತು. ನೀನು ಚೆನ್ನಾಗಿ ಬರೆಯುತ್ತೀ ಎಂದು ನನಗೇ ಹಚ್ಚಿದರು. ಚೆನ್ನಾಗಿಯೇ ಬರೆದೆ. ಬುಧವಾರ ಎಲ್ಲರಿಗೂ ಕಷ್ಟವಾಗುತ್ತಿದೆ ಎಂದು ಸುಳ್ಳು, ತಮ್ಮ ಸೇವೆಗೆ ನಾವೆಲ್ಲ ಚಿರಋಣಿ ಎಂದು ಬಣ್ಣ. ಹತ್ತು ನಿಮಿಷದಲ್ಲಿ ವಾಟ್ಸ್ಯಾಪ್‌ನಲ್ಲಿ ಉತ್ತರ ಬಂತು. "ಆಗಲಿ. ಮಕ್ಕಳು ಚೆಂದ ಹಾಡಲಿ."

ವಾರ್ಷಿಕೋತ್ಸವದ ದಿನ ಮಗಳು ಹಸಿರು ಲಂಗ ಉಟ್ಟು ಸಾಲಿನ ಮೊದಲಿಗೆ ನಿಂತಿದ್ದಳು. ಮನೆಯಲ್ಲಿ ಹಾಡು ಬಾಯಿಪಾಠವಾಗಿತ್ತು. ಸ್ಪೀಕರ್‌ನಲ್ಲಿ ಸಂಗೀತ ಶುರುವಾದದ್ದೇ ತಡ, ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಳು. ಸಭೆಯಲ್ಲಿ ನಗು ಎದ್ದಿತು. ಕೆಟ್ಟ ನಗುವಲ್ಲ, ಅಯ್ಯೋ ಪಾಪ ಎನ್ನುವ ಪ್ರೀತಿಯ ನಗುವೇ. ಆದರೆ ಮೂರು ವರ್ಷದ ಮಗುವಿಗೆ ಅದು ಹೇಗೆ ಕೇಳಿಸಿತೋ. ನಾನು ಪರದೆಯ ಬದಿಯಿಂದ, ಹಾಡು, ಹಾಡು ಎಂದು ಕೈಸನ್ನೆ ಮಾಡುತ್ತಲೇ ಇದ್ದೆ. ಅವಳು ನನ್ನನ್ನೇ ನೋಡುತ್ತ ನಿಂತಿದ್ದಳು, ಹಾಡು ಮುಗಿಯುವವರೆಗೂ.

ಆಮೇಲೆ ಮಾತು ಬಂತು, ಧಾರಾಳವಾಗಿ ಬಂತು. ನರ್ಸರಿಗೆ ಸೇರಿದ ಮೇಲೆ ಇಂಗ್ಲಿಷಿನಲ್ಲಿ ಬಾಯಿ ಮುಚ್ಚದಷ್ಟು ಮಾತು. ಹಾಡು ಮಾತ್ರ ನಿಂತುಹೋಯಿತು. ಶನಿವಾರದ ಕ್ಲಾಸಿಗೆ ಹೋಗೋಣ ಎಂದರೆ ಶೂ ಹಾಕಿಸಿಕೊಳ್ಳುತ್ತಿರಲಿಲ್ಲ. ಲಿಫ್ಟಿನ ಮುಂದೆ ಸುಮ್ಮನೆ ನಿಲ್ಲುತ್ತಿದ್ದಳು.

ಆ ಚಳಿಗಾಲದ ಕೊನೆಯಲ್ಲಿ ಎಜ್‌ವೇರ್‌ನ ಬಸ್ ಸ್ಟ್ಯಾಂಡಿನಲ್ಲಿ ಟೀಚರ್ ಕಂಡರು. ಉಣ್ಣೆಯ ಟೊಪ್ಪಿಗೆ ಕಿವಿಯ ಕೆಳಗಿನವರೆಗೆ ಇಳಿದಿತ್ತು. ಕೋಟು ಅವರಿಗೆ ದೊಡ್ಡದಾಗಿ ಕಾಣುತ್ತಿತ್ತು. ಹೆಗಲಿಗೆ ಅದೇ ಬಟ್ಟೆಯ ಚೀಲ. ಸದಾ ಕಾರಿನಲ್ಲಿ ಓಡಾಡುವವರು ಬಸ್ಸಿಗೆ ಯಾಕೆ ಕಾಯುತ್ತಿದ್ದಾರೆ ಎಂದು ನಾನು ಕೇಳಲಿಲ್ಲ. ಎದುರಿಗೆ ನಿಲ್ಲುವುದೇ ಕಷ್ಟವಾಗಿತ್ತು. ಸಂದೇಶದ ಬಗ್ಗೆ ಏನಾದರೂ ಹೇಳಬೇಕೆಂದು ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ಅವರೇ ಕೇಳಿದರು.

"ಕೂಸು ಹಾಡ್ತಾಳೇನು?"

"ಹಾಡ್ತಾಳೆ ಟೀಚರ್. ದಿನಾ ಹಾಡ್ತಾಳೆ," ಎಂದೆ.

ಅವರ ಮುಖ ಅರಳಿತು. ನನ್ನ ತೋಳು ಮುಟ್ಟಿ, "ಅಷ್ಟ ಸಾಕು ನೋಡು," ಎಂದರು. ಬಸ್ ಬಂತು. ಕಂಬಿ ಹಿಡಿದು ನಿಧಾನವಾಗಿ ಹತ್ತಿದರು. ಕಿಟಕಿಯಿಂದ ಕೈಬೀಸಿದರು. ನಾನೂ ಬೀಸಿದೆ.

ಬೇಸಿಗೆಯಲ್ಲಿ ಅವರು ತೀರಿಕೊಂಡ ಸುದ್ದಿ ಕೂಟದ ಗುಂಪಿನಲ್ಲಿ ಬಂತು. ಒಂದು ವರ್ಷದಿಂದ ಕಾಯಿಲೆಯಿತ್ತಂತೆ, ಯಾರಿಗೂ ಹೇಳಿರಲಿಲ್ಲವಂತೆ. ಅಂತ್ಯಕ್ರಿಯೆಗೆ ನಾನು ಹೋದೆ. ಹಿಂದಿನ ಸಾಲಿನಲ್ಲಿ, ಆ ಚರ್ಚ್ ಹಾಲ್ ನೋಡಿಕೊಳ್ಳುತ್ತಿದ್ದ ಐರಿಷ್ ಮುದುಕ ಕಪ್ಪು ಟೈ ಕಟ್ಟಿಕೊಂಡು ಕೂತಿದ್ದ. ಹೊರಗೆ ಬಂದಾಗ ನನ್ನನ್ನು ಗುರುತಿಸಿ, ಮೇಜಿನ ಕೆಳಗೆ ಕೂರುತ್ತಿದ್ದ ಹುಡುಗಿಯ ತಾಯಿಯಲ್ಲವೇ ಎಂದ. ಆಮೇಲೆ ಅವನು ಹೇಳಿದ್ದನ್ನು ನಾನು ಬಹಳ ವರ್ಷ ಯಾರಿಗೂ ಹೇಳಿರಲಿಲ್ಲ.

ನಾವೆಲ್ಲ ಬಿಟ್ಟ ಮೇಲೂ ಅವರು ಪ್ರತಿ ಬುಧವಾರ ಬರುತ್ತಿದ್ದರಂತೆ. ಹತ್ತಕ್ಕೆ ಬಾಗಿಲು ತೆಗೆಸಿ, ಕಿಟಕಿಯ ಕೆಳಗೆ ಕೂತು, ಬಟ್ಟೆಗಳನ್ನು ನೆಲದ ಮೇಲೆ ಹರಡಿಟ್ಟು ಹನ್ನೊಂದರವರೆಗೆ ಕಾಯುತ್ತಿದ್ದರಂತೆ. ಕೆಲವು ಸಲ ಒಬ್ಬರೇ ಹಾಡಿಕೊಳ್ಳುತ್ತಿದ್ದರಂತೆ. ಇವನು ಚಹಾ ತಂದುಕೊಟ್ಟು ಜೊತೆಗೆ ಕೂರುತ್ತಿದ್ದ. ಯಾರೂ ಬರುವುದಿಲ್ಲವಲ್ಲ, ಈ ಚಳಿಯಲ್ಲಿ ಯಾಕೆ ಬರುತ್ತೀರಿ ಎಂದು ಕೇಳಿದ್ದಕ್ಕೆ, ಯಾವುದಾದರೂ ಮಗು ತಡವಾಗಿ ಬಂದರೆ ಬಾಗಿಲು ಹಾಕಿರಬಾರದು ಎಂದಿದ್ದರಂತೆ. ಈಸ್ಟರ್‌ವರೆಗೂ ಬಂದರು, ಆಮೇಲೆ ಆಗಲಿಲ್ಲ ಎಂದ.

ಬಸ್ ಸ್ಟ್ಯಾಂಡಿನಲ್ಲಿ ನಾನು ಅವರನ್ನು ಕಂಡದ್ದು ಒಂದು ಬುಧವಾರ. ಹನ್ನೊಂದು ಗಂಟೆ ದಾಟಿತ್ತು.

ಈಗ ಮಗಳಿಗೆ ಹನ್ನೊಂದು ವರ್ಷ. ಬ್ಯಾಡ್ಮಿಂಟನ್ ಆಡುತ್ತಾಳೆ, ಚೆನ್ನಾಗಿ ಓದುತ್ತಾಳೆ, ನಗುನಗುತ್ತ ಇದ್ದಾಳೆ. ಹಾಡದಿದ್ದ ಮಾತ್ರಕ್ಕೆ ಅವಳ ಬದುಕೇನೂ ಕೆಟ್ಟಿಲ್ಲ. ಇದನ್ನು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಮತ ಹಾಕಿ ಮನೆಗೆ ಬಂದ ಸಂಜೆ, ಅಡುಗೆಮನೆಯಲ್ಲಿ ಅವಳಿಗೆ ಇದನ್ನೆಲ್ಲ ಹೇಳಿದೆ. ಹಾಡಜ್ಜಿಯ ನೆನಪು ಅವಳಿಗೆ ಇರಲಿಲ್ಲ. ಮೇಜು, ಬಟ್ಟೆ, ಆಮೆ, ಯಾವುದೂ ಇಲ್ಲ. ಪೂರ್ತಿ ಕೇಳಿಸಿಕೊಂಡು, ನೀನು ಅವರಲ್ಲಿ ಕ್ಷಮೆ ಕೇಳಿದೆಯಾ ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದಳು. ಇಲ್ಲ ಎಂದೆ.

"ಯಾಕಮ್ಮ?"

ನನ್ನೊಡನೆ ಅವಳು ಅಪರೂಪಕ್ಕೆ ಆಡುವ ಕನ್ನಡದಲ್ಲಿ ಇದೊಂದು ಪ್ರಶ್ನೆ ಬಂತು. ಕೇಳಬಹುದಾಗಿದ್ದ ದಿನ ಬಸ್ ಬಂದುಬಿಟ್ಟಿತು ಎನ್ನಲೇ? ಅವರ ಮುಖ ಅರಳಿದ್ದನ್ನು ಕೆಡಿಸಲು ಮನಸ್ಸಾಗಲಿಲ್ಲ ಎನ್ನಲೇ? ಎರಡೂ ಪೂರ್ತಿ ನಿಜವಲ್ಲ. ಮಗಳು ತನ್ನ ತಟ್ಟೆ ತೊಳೆದಿಟ್ಟು ಕೋಣೆಗೆ ಹೋದಳು. ನಾನು ಅಲ್ಲೇ ಕೂತಿದ್ದೆ... ಅವರಿಗೆ ಹೇಳಬೇಕಾದ ಮಾತು ಈಗ ಸಿದ್ಧವಾಗಿದೆ, ಅವರಿಲ್ಲ.