ಮೂಗಿನ ಶರಣಪ್ಪನ ಮೂಗು

ಆ ಮೂಗು ನನ್ನದಲ್ಲ.

ಕಲಬುರ್ಗಿಯ ಬಜಾರಿನಲ್ಲಿ ಇಷ್ಟು ವರ್ಷ ನೀವು ಯಾವ ಮೂಗನ್ನು ನಂಬಿ ಅತ್ತರು ಕೊಂಡಿರೋ, ಯಾವ ಮೂಗಿನ ಸಲುವಾಗಿ ನನ್ನನ್ನು ‘ಮೂಗಿನ ಶರಣಪ್ಪ’ ಎಂದು ಕರೆದಿರೋ — ಅದು ನನ್ನ ಹೆಂಡತಿ ಗುರಮ್ಮನದು. ಇಷ್ಟೇ ಆಗಿದ್ದರೆ ತಪ್ಪು ಸಣ್ಣದಿತ್ತು. ಮನೆಯವಳ ಕೆಲಸವನ್ನು ತನ್ನದೆಂದು ಹೇಳಿಕೊಂಡ ಗಂಡ ಈ ಬಜಾರಿನಲ್ಲಿ ನಾನೊಬ್ಬನೇ ಅಲ್ಲ. ಆದರೆ ಒಂದು ದಿನ, ಅವಳು ಗೆದ್ದು ನಿಂತ ಹೊತ್ತಿನಲ್ಲೇ, ಅವಳಿಗೆ ಕೇಳಿಸುವ ಹಾಗೆ, ನಾನು ಅವಳನ್ನು ಗಿಳಿ ಎಂದೆ. ಅದನ್ನು ಹೇಳಬೇಕಾಗಿದೆ.

ಬರೆಯುವುದು ನನಗೆ ಸಲೀಸಲ್ಲ. ಉರ್ದುವಿನ ಅಲಿಫ್-ಬೇ ಪೂರಾ ಆಗುವ ಮೊದಲೇ ಸರ್ಕಾರಿ ಶಾಲೆ ಬಿಟ್ಟವನು; ಕನ್ನಡದ ಅಕ್ಷರ ಕಲಿತದ್ದು ಮಠದ ಅಯ್ಯನವರ ಎದುರು, ಉಸುಕಿನ ಮೇಲೆ ಬೆರಳು ತಿದ್ದಿ. ಆದರೂ ಇದನ್ನು ಇನ್ನೊಬ್ಬರ ಕೈಯಿಂದ ಬರೆಸಲಾರೆ. ಸೀಸೆಗಳ ಪೆಟ್ಟಿಗೆ ಹೆಗಲ ಮೇಲೆ ಹೊತ್ತು ಊರೂರು ತಿರುಗಿದವನು ನಾನು. ಯಾರ ಮುಂದೆಯೂ ಕೈಚಾಚದೆ ಅಂಗಡಿ ಹಾಕಿದೆ. ಆ ಹೆಮ್ಮೆಯನ್ನು ಇವತ್ತಿಗೂ ಬಿಟ್ಟುಕೊಡುವುದಿಲ್ಲ. ದುಡಿಮೆ ನನ್ನದು. ಮೂಗು ಮಾತ್ರ —

ಅತ್ತರು ಮಾರುವ ರೀತಿ ನಿಮಗೆ ಗೊತ್ತೇ ಇದೆ. ಸೀಸೆಯ ಬಿರಡೆ ತೆಗೆದು ಗಿರಾಕಿಯ ಮುಂಗೈಗೆ ಸವರುತ್ತೇವೆ. ಮೂಗಿಗೆ ಹಿಡಿದ ಕೂಡಲೇ ಮುಖ ಅರಳುತ್ತದೆ. ಆ ಅರಳಿದ ಗಳಿಗೆಯಲ್ಲಿ ವ್ಯಾಪಾರ ಮುಗಿಯಬೇಕು. ಮೊದಲು ನಾನೂ ಹಾಗೆಯೇ ಮಾರುತ್ತಿದ್ದೆ. ಮರುದಿನ ಅವನೇ ಬಂದು, “ಏನಪಾ, ಗುಲಾಬ್ ಅಂತ ಕೊಟ್ಟಿ, ಮನಿ ಮುಟ್ಟೋದ್ರಾಗ ಹುಳಿ ಮಜ್ಜಿಗಿ ಆಗಿತ್ತಲ್ಲ!” ಎಂದು ಬೈದರೆ, “ನಿಮ್ಮ ಮೈಯಾಗ ಶಾಖ ಭಾಳ ಅದರೀ ಸಾವಕಾರ್ರೆ” ಎಂದು ಜಾರಿಕೊಳ್ಳುತ್ತಿದ್ದೆ.

ಮದುವೆಯಾದ ಹೊಸದರಲ್ಲಿ ಒಂದು ಮುಂಜಾನೆ, ಮನೆಯಲ್ಲಿ ಸೀಸೆ ತುಂಬುವಾಗ, ಖಸ್ ಎರಡು ಹನಿ ಗುರಮ್ಮನ ಕುಪ್ಪಸದ ತೋಳಿಗೆ ಸಿಡಿಯಿತು. ಖಸ್ ಎಂದರೆ ಲಾವಂಚದ ಬೇರಿನ ಅತ್ತರು. ಅವಳು ಒರೆಸಿಕೊಂಡು ಕೆಲಸಕ್ಕೆ ಹೋದಳು. ಸಂಜೆ ರೊಟ್ಟಿ ಬಡಿಯುತ್ತಾ, ನಾನು ಕೇಳದೆಯೇ ಹೇಳಿದಳು:

“ನಿಮ್ಮ ಈ ಎಣ್ಣಿ ಮುಂಜಾನಿ ಸುಳ್ಳ ಹೇಳ್ತಿತ್ತರೀ. ಈಗ ಖರೆ ಹೇಳಾಕತ್ತದ.”

“ಏನ್ ಹೇಳ್ತದ?”

“ಮುಂಜಾನಿ ಹೊಸಾ ಗಡಿಗಿಗಿ ನೀರು ಸುರುವಿದಂಗ ಇತ್ತು. ಬಿಸಲ ಏರಿದ ಮ್ಯಾಲ ಹಸೀ ಹುಲ್ಲ ಆಯ್ತು. ಈಗ ನೋಡ್ರಿ, ಹಗೇವಿನ ಬಾಯಿ ತೆಗದಂಗ ಅದ. ಜ್ವಾಳ, ಮಣ್ಣ, ಕತ್ತಲಿ.”

ಹಗೇವು ಎಂದರೆ ನೆಲದೊಳಗಿನ ಕಾಳಿನ ಕಣಜ, ಸರಿ; ಕತ್ತಲೆಗೂ ವಾಸನೆ ಇರುತ್ತದೆಯೇ? ಅವಳ ತೋಳು ಹಿಡಿದು ಮೂಸಿದೆ. ಇತ್ತು. ಅವಳು ಹೇಳಿದ ಮೇಲೆ, ಇತ್ತು.

ಅವಳ ತವರು ಕಮಲಾಪುರ. ಕೆಂಪು ಬಾಳೆಯ ತೋಟದ ಮನೆತನ. ಗೊನೆಗಳನ್ನು ಕೋಣೆಯಲ್ಲಿ ಒಟ್ಟಿ, ಹೊಗೆ ಕೊಟ್ಟು, ಬಾಗಿಲಿನ ಸಂದಿಗೆಲ್ಲ ಮಣ್ಣು ಮೆತ್ತಿ ಹಣ್ಣು ಮಾಡುತ್ತಾರೆ. ನಡುವೆ ತೆರೆದು ನೋಡಿದರೆ ಶಾಖ ಹಾರಿ ಹಣ್ಣು ಕೆಡುತ್ತದೆ. ಒಳಗೆ ಏನಾಗಿದೆ ಎಂದು ತೆರೆಯದೆ ಹೇಳುವವರು ಬೇಕು. ಬಾಗಿಲಿಗೆ ಮೂಗು ಹಚ್ಚಿ, “ಇವತ್ತ ಬ್ಯಾಡ, ನಾಳಿ ಹೊತ್ತೇರಿದ ಮ್ಯಾಲ ತೆಗೀರಿ” ಎಂದು ಹೇಳುವುದು ಆ ಮನೆಯಲ್ಲಿ ಗುರಮ್ಮನ ಕೆಲಸವಾಗಿತ್ತಂತೆ. ಅವಳ ಅಣ್ಣಂದಿರು ಅವಳ ಮಾತಿಲ್ಲದೆ ಬಾಗಿಲು ಮುಟ್ಟುತ್ತಿರಲಿಲ್ಲ. ಆ ಮನೆ ಅವಳ ಮೂಗಿಗೆ ಕೊಟ್ಟಿದ್ದ ಮರ್ಯಾದೆಯನ್ನು ನಾನು —

ಇರಲಿ, ಕ್ರಮವಾಗಿ ಹೇಳುತ್ತೇನೆ.

ಅಂದಿನಿಂದ ಹೊಸ ಅತ್ತರು ಯಾವುದೇ ಬರಲಿ, ಮೊದಲು ಗುರಮ್ಮನ ಮೊಣಕೈಯ ಒಳಬದಿಗೆ ಒಂದು ಹನಿ. ನಮ್ಮ ಮನೆಗಳಲ್ಲಿ ವಿಭೂತಿ ಹಚ್ಚುವ ಹೆಂಗಸು ಅತ್ತರು ಹಚ್ಚುವುದಿಲ್ಲ. ಹಚ್ಚಿದರೆ ಓಣಿ ಬಾಯಿಗೆ ಬಂದದ್ದು ಆಡುತ್ತದೆ. ಅವಳು ತೋಳು ಇಳಿಸಿಕೊಂಡು, ಯಾರಾದರೂ ಕೇಳಿದರೆ, “ನಮ್ಮ ಮನಿಯವರ ಅಂಗಿ ಒಗದೀನ್ರೀ, ಅದರ ವಾಸನಿ” ಎನ್ನುತ್ತಿದ್ದಳು. ಆ ಹನಿಯನ್ನು ಹೊತ್ತು ಬೀಸುತ್ತಿದ್ದಳು, ನೀರು ಸೇದುತ್ತಿದ್ದಳು, ಒಲೆಯ ಮುಂದೆ ಬೇಯುತ್ತಿದ್ದಳು. ಸಂಜೆ ಹೇಳುತ್ತಿದ್ದಳು.

ಅವಳ ಮಾತುಗಳು ಇಂದಿಗೂ ನನಗೆ ಬಾಯಿಪಾಠ. ಕೇದಗೆ — “ಬಾಗಲದಾಗ ನಿಂತು ಒದರೋ ಬೀಗತಿ ಇದ್ದಂಗ. ಒಳಗ ಬಾ ಅಂದ್ರ ಬರಂಗಿಲ್ಲ, ಹೋಗು ಅಂದ್ರ ಹೋಗಂಗಿಲ್ಲ.” ಹಿನಾ, ಅಂದರೆ ಮದರಂಗಿಯದು — “ಮುಂಜಾನಿ ಔಷಧ. ಒಲಿ ಮುಂದ ಕುಂತ ಮ್ಯಾಲ ಕರೀ ಕಂಬಳಿ, ಬಿಸಲಾಗ ಒಣಗಿದ್ದು. ಚಳಿಗಾಲದಾಗ ಮಾರ್ರಿ ಇದನ್ನ.” ಗುಲಾಬು — “ಮೊದಲ ನಗ್ತದ, ಆಮ್ಯಾಗ ಜೇನಿನ ಮೇಣ ಆಗ್ತದ. ಬೆವರ ಹತ್ತಿದ್ರ ಮುನಿಸಿಕೊಳ್ತದ.” ಮೋತಿಯಾ, ಅಂದರೆ ದುಂಡುಮಲ್ಲಿಗೆಯದು — “ಹೊಗಿಗಿ ಅಂಜಂಗಿಲ್ಲರೀ ಇದು. ಒಗ್ಗರಣಿ ಸಿಡದ್ರೂ ತನ್ನ ಪಾಡಿಗಿ ತಾನು ಇರ್ತದ.” ದೂರದಿಂದ ತರಿಸಿದ ಮಣ್ಣಿನ ಅತ್ತರನ್ನು ನಾನು ಅಭಿಮಾನದಿಂದ ಹಚ್ಚಿದರೆ, ಮುಖ ಹಿಂಡಿದಳು: “ಮಣ್ಣ ಅದ ಖರೆ. ನಮ್ಮ ಕಮಲಾಪುರದ್ದಲ್ಲ. ಯಾರದೋ ಊರಾಗ ಮಳಿ ಬಂದ್ರ ನಮಗೇನ್ರೀ ಖುಷಿ?”

ಇವನ್ನು ನಾನು ಅಂಗಡಿಯಲ್ಲಿ ನನ್ನವೆಂದು ಆಡಿದೆ. ಗಿರಾಕಿಯ ಕೈಗೆ ಬಿರಡೆ ಮುಟ್ಟಿಸಿ, ಕಣ್ಣು ಮುಚ್ಚಿ, “ಈಗ ಹಿಂಗದ. ಬಿಸಲ ಇಳಿಯೋ ಹೊತ್ತಿಗಿ ನೋಡ್ರಿ, ಇದು ಜೇನಿನ ಮೇಣ ಆಗ್ತದ” ಎನ್ನುತ್ತಿದ್ದೆ. ಅದು ಆಗುತ್ತಿತ್ತು! ಜನ ಮರುದಿನ ಬೈಯಲು ಬರಲಿಲ್ಲ. ತಮ್ಮ ಭಾವಂದಿರನ್ನು ಕರೆದುಕೊಂಡು ಬಂದರು. ಸಾಹುಕಾರರು, ವಕೀಲರು, ದರ್ಗಾಕ್ಕೆ ಬಂದ ದೂರದ ಯಾತ್ರಿಕರು, ಎಲ್ಲರೂ ನನ್ನ ಅಂಗಡಿಯ ಮೆಟ್ಟಿಲು ಹತ್ತಿದರು. ನಿಜ ಹೇಳಬೇಕೆಂದರೆ, ಆ ದಿನಗಳನ್ನು ನೆನೆದರೆ ಈಗಲೂ ಎದೆ ಉಬ್ಬುತ್ತದೆ. ನಾವು ಇಬ್ಬರೂ ಕೂಡಿ ಈ ಬಜಾರನ್ನು ಗೆದ್ದೆವು. ಗೆದ್ದವನು ಒಬ್ಬನೇ ಎಂದು ನಾನು ಹೇಳಿಕೊಂಡೆ.

ಆಗ ಒಂದು ದೇವಡಿಯಿಂದ ಕರೆ ಬಂತು. ಜಾಗೀರದಾರರ ದೊಡ್ಡ ಮನೆ. ಮಗಳ ಮದುವೆ. ಬೇಗಂ ಸಾಹೇಬರು ಹೈದರಾಬಾದಿನಿಂದ ಬಂದ ಅತ್ತರುಗಳನ್ನೂ ಹಿಂದಕ್ಕೆ ಕಳಿಸಿದ್ದರಂತೆ. ಮಗಳ ಕೈಗೆ ಹಚ್ಚಿದರೆ ಎಲ್ಲವೂ ಮಧ್ಯಾಹ್ನಕ್ಕೆ ಕೆಡುತ್ತಿದ್ದವು. ನಾನು ಪರದೆಯ ಹೊರಗೆ ಕುಳಿತು, ಸೀಸೆಗಳನ್ನು ದಾಸಿಯ ಕೈಯಲ್ಲಿ ಒಳಗೆ ಕಳಿಸಿ, ಗುರಮ್ಮನ ಮಾತುಗಳನ್ನು ಒಂದೊಂದಾಗಿ ಒಪ್ಪಿಸತೊಡಗಿದೆ. ಬೇಗಂ ಸಾಹೇಬರಿಗೆ ನಮ್ಮ ಮಾತು ಚೆನ್ನಾಗಿ ಬರುತ್ತಿತ್ತು. ಒಳಗಿನಿಂದಲೇ ತಡೆದರು:

“ಶರಣಪ್ಪ, ಯಾರ ಕೈ ನೋಡಿ ಹೇಳಾಕತ್ತೀ? ಹಚ್ಚಿಕೊಳ್ಳೋದು ನನ್ನ ಮಗಳು. ಆಕಿ ಕೈ ನೀ ನೋಡಿಲ್ಲ, ನೋಡೋ ಹಂಗೂ ಇಲ್ಲ. ನಿನ್ನ ಮನ್ಯಾಗ ತಿಳಿದ ಹೆಂಗಸರಿದ್ರ ಕಳಸು.”

ಮರುದಿನ ಟಾಂಗಾದಲ್ಲಿ ಗುರಮ್ಮನನ್ನು ಕರೆದುಕೊಂಡು ಹೋದೆ. ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡು ಪರದೆಯ ಒಳಗೆ ಹೋದಳು. ನಾನು ಹೊರಗೆ, ದೇವಡಿಯ ಮುನ್ಷಿಯ ಪಕ್ಕದಲ್ಲಿ. ಒಳಗೆ ಮೊದಲು ಬಳೆಯ ಸದ್ದು. ಆಮೇಲೆ ಸೀಸೆಯ ಬಿರಡೆ ತೆಗೆಯುವ ಸದ್ದು. ಕೊನೆಗೆ ಅವಳ ದನಿ, ಅಡುಗೆಮನೆಯಲ್ಲಿ ನನ್ನ ಮುಂದೆ ಆಡುವ ಅದೇ ದನಿ:

“ಅಮ್ಮಾವರs, ಅತ್ತರದಾಗ ಏನೂ ತಪ್ಪಿಲ್ಲರೀ. ಈ ಮಗಾ ಅಂಜ್ಯಾದ. ಅಂಜಿದ ಮೈಯಾಗ ಗುಲಾಬ್ ನಿಂದ್ರಂಗಿಲ್ಲ, ಹುಳಿ ಬರ್ತದ. ಮೊದಲ ಅಂಜಿಕಿ ಬಿಡಸ್ರಿ. ಅಲ್ಲೀತನ ತೆಳಗ ಖಸ್ ಹಚ್ರಿ, ತಣ್ಣಗ ಹಿಡಿದು ಕುಂಡರ್ತದ. ಅದರ ಮ್ಯಾಲ ಮೋತಿಯಾ. ಹೊತ್ತ ಮುಣಗಿದ್ರೂ ಮಗಳ ಮೈಯಾಗ ಹೂವ ಇರ್ತದ.”

ಹುಡುಗಿ ಬಿಕ್ಕಿ ಅತ್ತದ್ದು ಕೇಳಿಸಿತು. ತಾಯಿ ಏನೋ ಮೆಲ್ಲಗೆ ಕೇಳಿದರು, ಮಗಳು ಏನೋ ಹೇಳಿದಳು. ಅಷ್ಟೊತ್ತಿಗೆ ಗುರಮ್ಮ ಏನು ಅಂದಳೋ ತಿಳಿಯದು, ಹೆಂಗಸರೆಲ್ಲ ಗೊಳ್ಳೆಂದು ನಕ್ಕರು; ಅಳುತ್ತಿದ್ದ ಹುಡುಗಿಯ ನಗು ಎಲ್ಲಕ್ಕಿಂತ ಮೇಲೆ ಕೇಳಿತು. ಸಂಜೆಯವರೆಗೆ ನಮ್ಮನ್ನು ಅಲ್ಲೇ ಇರಿಸಿಕೊಂಡರು. ದೀಪ ಹಚ್ಚುವ ಹೊತ್ತಿಗೆ ಬೇಗಂ ಸಾಹೇಬರು, “ಮಲ್ಲಿಗಿ ಇನ್ನೂ ಅದ!” ಎಂದು ಕೂಗಿ ಹೇಳಿದರು. ಇನ್ನು ಮೇಲೆ ಪ್ರತಿ ಋತುವಿಗೂ ಗುರಮ್ಮನೇ ಬರಬೇಕು, ತಮಗೂ ತಮ್ಮ ಅಕ್ಕತಂಗಿಯರಿಗೂ ಅವಳೇ ಅತ್ತರು ಆರಿಸಬೇಕು ಎಂದು ಅಪ್ಪಣೆಯಾಯಿತು.

ಕಮಲಾಪುರದ ಬಾಳೆ ಕೋಣೆಯ ಬಾಗಿಲಿನಿಂದ ದೇವಡಿಯ ಜನಾನಾದವರೆಗೆ ತನ್ನ ಮೂಗಿನಿಂದಲೇ ನಡೆದು ಬಂದ ಹೆಂಗಸು! ನಾನು ಎದ್ದು ನಿಂತು ನಾಲ್ಕು ಜನಕ್ಕೆ ಹೇಳಬೇಕಾದ ಗಳಿಗೆ ಅದು.

ಪಕ್ಕದಲ್ಲಿದ್ದ ಮುನ್ಷಿ ನನ್ನ ಬೆನ್ನು ತಟ್ಟಿ ನಕ್ಕ. “ವಾಹ್ ಶರಣಪ್ಪ! ಬಜಾರದಾಗ ಮೂಗು ನಿಂದಂತಾರ. ಅಸಲಿ ಮೂಗು ಮನ್ಯಾಗ ಇಟ್ಟೀದಿ ಏನೋ?”

ನಾನು ಅಂದೆ — “ಛೇ, ಎಲ್ಲೀದು ಸಾಹೇಬ್ರೆ. ಎಲ್ಲಾ ನಾ ಕಲಿಸಿದ್ದು. ಆಕಿ ಗಿಳಿ, ಒಪ್ಪಿಸಿದಳು ಅಷ್ಟs.”

ಯಾಕೆ ಅಂದೆ? ಪರದೆಯ ಆಚೆಯ ನಗು ನನ್ನ ಸಲುವಾಗಿ ಇರಲಿಲ್ಲ. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಇದ್ದೀತೆಂದು ಎಷ್ಟೋ ಸಲ ಹುಡುಕಿದ್ದೇನೆ. ಇಲ್ಲ.

ಪರದೆ ಬಟ್ಟೆಯದು, ಮಾತಿಗೆ ಅಡ್ಡ ಬರುವುದಿಲ್ಲ. ಒಳಗೆ ನಗು ನಿಂತಿತು. ಬೇಗಂ ಸಾಹೇಬರ ದನಿ ಬಂತು, ತಣ್ಣಗೆ: “ಹಾಂಗಿದ್ರ ಆಕಿನ್ಯಾಕ ದಣಸ್ತಿ? ಇನ್ ಮ್ಯಾಲ ನೀನs ದಾಸಿ ಕೈಯಾಗ ಹೇಳಿ ಕಳಸು.” ಆ ಅಪ್ಪಣೆ ಅಲ್ಲಿಗೇ ಮುಗಿಯಿತು. ಅವಳು ಇನ್ನೊಮ್ಮೆ ಆ ಪರದೆ ದಾಟಲಿಲ್ಲ.

ಟಾಂಗಾದಲ್ಲಿ ಅವಳು ಒಂದೇ ಮಾತು ಆಡಿದಳು. “ಗಿಳಿಗಿ ಪ್ಯಾರಲ ಹಣ್ಣರೆ ಹಾಕ್ತಾರ್ರೀ.” ಅದನ್ನು ನಗುತ್ತಲೇ ಹೇಳಿದಳು. ನಾನೂ ನಕ್ಕೆ — ನಕ್ಕೆನಲ್ಲ!

ಅವಳು ಮುನಿಸಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು. ಮರುದಿನ ಎಂದಿನಂತೆ ತೋಳು ಮೇಲೆ ಮಾಡಿ ಕೈ ಚಾಚಿದಳು. ಎಂದಿನಂತೆ ಸಂಜೆ ಹೇಳಿದಳು. ಅಂಗಡಿ ಎರಡು ಕಂಬದ್ದು ನಾಲ್ಕು ಕಂಬದ್ದಾಯಿತು. ಮಕ್ಕಳು ಬೆಳೆದರು. ನಾನು ಹಳ್ಳಿಯಿಂದ ಬಂದವರಿಗೆಲ್ಲ ಮೂಗು ತೋರಿಸಿ ಮಾತಾಡುತ್ತಲೇ ಇದ್ದೆ. ಆ ಒಂದು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ದಿನಾಲೂ ಒಂದು ಹೊತ್ತು ಸಿಗುತ್ತಿತ್ತು. ಅವಳು ಊಟಕ್ಕೆ ಬಡಿಸುವ ಹೊತ್ತು. ತಲೆ ತಗ್ಗಿಸಿ ಉಂಡು ಏಳುತ್ತಿದ್ದೆ.

ಮೊನ್ನೆ ಬಜಾರ್ ತುಂಬಿದ್ದ ಹೊತ್ತಿನಲ್ಲಿ ಒಂದು ಮೋಟಾರು ನಮ್ಮ ಅಂಗಡಿಯ ಮುಂದೆ ನಿಂತಿತು. ಕಿಟಕಿಗೆಲ್ಲ ಪರದೆ. ಒಳಗಿನಿಂದ ಹೆಂಗಸಿನ ದನಿ ನನ್ನ ಹೆಸರು ಹಿಡಿದು ಕರೆಯಿತು. ಆ ದಿನದ ಮದುಮಗಳು. ಈಗ ಅವರ ಮಗಳಿಗೇ ಮದುವೆಯಂತೆ.

“ನನ್ನ ಕೈ ಹಿಡಿದು ನೋಡಿದಾಕಿ ಬೇಕು” ಎಂದರು. “ಎಲ್ಲಿದ್ದಾಳ?”

ನಾನು ಹಳೆಯ ಚಾಳಿಯಲ್ಲಿ ಕೈಮುಗಿದು, “ಹುಜೂರ್, ನಾನs ಬಂದು —” ಎನ್ನುತ್ತಿದ್ದೆ.

ಒಳಗೆ ನಗು. “ನಾನು ಅಂಜಿದ್ದು ನಿನಗ ಗೊತ್ತಿತ್ತೇನು ಶರಣಪ್ಪ? ನನ್ನ ಅವ್ವಗೇ ಗೊತ್ತಿರಲಿಲ್ಲ. ಅದನ್ನೂ ನೀನs ಕಲಿಸಿ ಕಳಿಸಿದ್ದ್ಯಾ?”

ಎದುರಂಗಡಿಯವರು ಕೈ ಕೆಲಸ ಬಿಟ್ಟು ನೋಡುತ್ತಿದ್ದರು. ಗಿರಾಕಿಗಳು ನಿಂತಿದ್ದರು. ಮುಗಿದ ಕೈ ಇಳಿಸಿದೆ. ಆಮೇಲೆ — ಹೇಗೆ ಬಂತೋ — ದನಿ ಬಂತು, ಮಾರುವವನ ದೊಡ್ಡ ದನಿಯೇ ಬಂತು:

“ಇಲ್ಲ ಹುಜೂರ್. ಆ ದಿನ ಸುಳ್ಳ ಹೇಳಿದೆ. ನಾ ಏನೂ ಕಲಿಸಿಲ್ಲ. ಇಷ್ಟೂ ವರ್ಷ ಈ ಅಂಗಡ್ಯಾಗ ಆಡಿದ್ದೆಲ್ಲ ಆಕಿ ಮಾತು. ಮೂಗು ಗುರಮ್ಮಂದು.”

ಯಾರೋ ಹಿಂದೆ, “ಹಾಂಗಾದ್ರ ಮುದುಕ ಬರೇ ಮೀಸಿ ಹೊತ್ಕೊಂಡು ಕುಂತಿದ್ನೇನಲೇ!” ಎಂದ. ಬಜಾರೆಲ್ಲ ನಕ್ಕಿತು. ನಗಲಿ ಎಂದುಕೊಂಡೆ. ಎದೆಯ ಮೇಲಿದ್ದ ಕಲ್ಲು ಇಳಿದಿತ್ತು.

ಗುರಮ್ಮನನ್ನು ಕರೆಸಿದೆ. ಎಲ್ಲರ ಮುಂದೆ, ಅದೇ ಮಾತುಗಳನ್ನು ಅವಳಿಗೆ ಇನ್ನೊಮ್ಮೆ ಹೇಳಿದೆ. ಅವಳು ನನ್ನ ಮುಖ ನೋಡಲಿಲ್ಲ. ಸೆರಗು ಸರಿಮಾಡಿಕೊಂಡು, “ಅಂದೇ ಹೇಳಿದ್ರ ನನ್ನ ಅವ್ವ-ಅಪ್ಪ ಕೇಳಿ ಕಣ್ಣ ಮುಚ್ಚತಿದ್ರು” ಎಂದಳು. ನಾನು ಟೋಪಿ ಹಾಕಿಕೊಂಡು ಜೊತೆಗೆ ಹೊರಟೆ.

“ನೀವ್ ಎಲ್ಲಿಗಿ?” ಎಂದಳು. “ನಾ ಒಬ್ಬಾಕಿನs ಹೋಗ್ತೀನಿ. ಅಂಗಡಿ ನೋಡ್ಕೊಳ್ರಿ.”

ಮೋಟಾರಿನ ಬಾಗಿಲು ಒಳಗಿನಿಂದ ತೆರೆಯಿತು. ಬಳೆ ತೊಟ್ಟ ಒಂದು ಕೈ ಹೊರಗೆ ಚಾಚಿ ಅವಳ ಕೈ ಹಿಡಿದು ಹತ್ತಿಸಿಕೊಂಡಿತು. ನನ್ನ ಗುರಮ್ಮ, ಬಿಳಿಗೂದಲಿನ ಗುರಮ್ಮ, ಬಜಾರಿನ ನಟ್ಟನಡುವೆ ಮೋಟಾರಿನಲ್ಲಿ ಕುಳಿತು ಹೋದಳು. ಜನ ಎರಡೂ ಕಡೆ ಸರಿದು ದಾರಿ ಬಿಟ್ಟರು. ಆ ನೋಟವನ್ನು ನಾನು ನೋಡಿದೆ. ನನ್ನ ದುಡಿಮೆಯ ದಿನಗಳಲ್ಲಿ ಅಷ್ಟು ದೊಡ್ಡ ದಿನ ಇನ್ನೊಂದಿಲ್ಲ, ಮತ್ತು ಅದು ನನ್ನದಲ್ಲ.

ಧೂಳು ಇಳಿದ ಮೇಲೆ ಒಬ್ಬ ಹಳೆಯ ಗಿರಾಕಿ ಮೆಟ್ಟಿಲು ಹತ್ತಿ ಬಂದ. ಹೊಸದಾಗಿ ಬಂದಿದ್ದ ಸಂಪಿಗೆಯ ಸೀಸೆ ತೋರಿಸಿ, ಕೈ ಚಾಚಿದ. ಹಚ್ಚಿದೆ. “ಹೇಳ್ರಿ ಶರಣಪ್ಪನವರೆ, ಸಂಜೀಕ ಇದು ಏನಾಗ್ತದ?”

“ನನಗ ಗೊತ್ತಿಲ್ಲರೀ” ಎಂದೆ. “ಗುರಮ್ಮ ಬಂದ ಮ್ಯಾಲ ಕೇಳ್ರಿ.”

ಅವನು ಚೇಷ್ಟೆ ಎಂದು ತಿಳಿದು ನಕ್ಕ. ಆಮೇಲೆ ಬೇಸರಪಟ್ಟು ಎದುರಂಗಡಿಗೆ ಹೋದ. ನಾನು ತಡೆಯಲಿಲ್ಲ. ನೀವೂ ಬಂದು ಕೇಳಿದರೆ, ಇನ್ನು ಮೇಲೆ ನನ್ನ ಉತ್ತರ ಅದೇ.