ಎರಡು ಹೊಟ್ಟೆಗಳ ಫೋಟೊ

ಆ ಭಾನುವಾರ ಇಂಡಿ ಊರಿನ ನಮ್ಮ ಮಾಳಿಗೆಯ ಮೇಲೆ ಗಂಡ ಶ್ರೀಧರರ ಬರಿ ಬೆನ್ನಿಗೆ ಒಣದ್ರಾಕ್ಷಿಗಳನ್ನು ಇರುವೆ ಸಾಲಿನಂತೆ ಜೋಡಿಸಿ ಫೋಟೊ ತೆಗೆಯುತ್ತಿದ್ದೆ. ಮೈಯನ್ನು ಹೀಗೆ ಆಟವಾಗಿ ನೋಡುವುದೇ ನನ್ನ ಕಲೆ. ನಮ್ಮಿಬ್ಬರ ಸಲಿಗೆ ಬೆಳೆದದ್ದೂ ಅದರಲ್ಲೇ. ಹೊಟ್ಟೆ ಹಿಂಡಿತು. ಕೆಳಗೆ ಪಾಯಖಾನೆಗೆ ಓಡಿದೆ.

ಬರೀ ರಕ್ತ.

ರಕ್ತ ಕಂಡ ದಿನಗಳಿಗೆ ಡೈರಿಯಲ್ಲಿ ಕೆಂಪು ಚುಕ್ಕೆ ಇಟ್ಟೆ. ದೊಡ್ಡ ಕರುಳಿನ ತುಂಬ ಹುಣ್ಣು ಎಂದರು. ಮಾತ್ರೆ, ಇಂಜೆಕ್ಷನ್, ಸ್ಟಿರಾಯ್ಡ್. ಚುಕ್ಕೆಗಳು ನಿಲ್ಲಲಿಲ್ಲ. ಕೊನೆಗೆ ವಿಜಯಪುರದಲ್ಲಿ ಎಮರ್ಜೆನ್ಸಿ ಆಪರೇಷನ್. ದೊಡ್ಡ ಕರುಳನ್ನೆಲ್ಲ ತೆಗೆದು, ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಬಲಕ್ಕೆ ಹೊರತಂದು, ಮಲ ತುಂಬಿಕೊಳ್ಳಲು ಸ್ಟೋಮಾ ಬ್ಯಾಗ್ ಅಂಟಿಸಿದರು.

"ಎಷ್ಟ ದಿನ ಇರತೈತ್ರಿ ಇದು?" ಎಂದು ಕೇಳಿದೆ.

"ಕಾಯಂ ಇರತೈತ್ರಿ," ಎಂದರು ಡಾಕ್ಟರು.

ಮನೆಗೆ ಬಂದ ಮೊದಲ ವಾರವೇ ಬ್ಯಾಗ್ ಸೋರಿ ಹಾಸಿಗೆ ಹೊಲಸಾಯಿತು. ಶ್ರೀಧರರ ದಿಂಬನ್ನು ನಾನೇ ಪಡಸಾಲೆಗೆ ಎಸೆದೆ. ಬಾಗಿಲು ಹಾಕಿಕೊಂಡು ಬ್ಯಾಗ್ ಬದಲಿಸುತ್ತಿದ್ದೆ. ಕ್ಯಾಮೆರಾ ಟ್ರಂಕು ಸೇರಿತು. ಅವರು ಹತ್ತಿರ ಬಂದರೆ ನನ್ನ ಮೈ ನನಗೇ ನಾರುತ್ತಿತ್ತು. ಇನ್ನು ಈ ಮೈಯನ್ನು ಅವರು ಮುಟ್ಟುವುದುಂಟೇ, ಮುಟ್ಟಿದರೂ ನಾನು ತಾಳಿಕೊಳ್ಳುವುದುಂಟೇ ಎಂಬುದೊಂದೇ ಯೋಚನೆ.

ಒಂದು ಬೆಳಿಗ್ಗೆ ಶ್ರೀಧರ ಅಂಗಿಯಿಲ್ಲದೆ ಬಂದು ನಿಂತರು. ಅವರ ಹೊಟ್ಟೆಯ ಮೇಲೂ ಒಂದು ಬ್ಯಾಗ್.

"ನೋಡು, ಜೋಡಿ ಆತು. ಫೋಟೊ ತೆಗಿ."

"ಹುಚ್ಚ ಹಿಡದೈತೇನ್ರಿ ನಿಮಗ? ಒಂದ ಬ್ಯಾಗ್ ತರಾಕ ವಿಜಯಪುರಕ್ಕ ಹೋಗಬೇಕು!"

"ಇದರಾಗ ಗಂಜಿ ತುಂಬಿಕೊಂಡು ರಾತ್ರಿಯೆಲ್ಲ ಮಲಗೇನಿ. ಮಗ್ಗಲಾಗಾಕ ಆಗಲಿಲ್ಲ."

ಅಡುಗೆಮನೆಯಿಂದ ಅತ್ತೆ ಕೂಗಿದರು: "ಗಂಜಿ ಎಲ್ಲಿ ಹೋತು ಅಂತಿದ್ದೆ, ಮಂಗ್ಯಾ!"

ನಕ್ಕೆ. ಹೊಲಿಗೆ ಜಗ್ಗಿ ಕಣ್ಣಲ್ಲಿ ನೀರು ಬಂತು. ಕ್ಯಾಮೆರಾ ತೆಗೆದು ಟೈಮರ್ ಇಟ್ಟೆ. ಹೊಟ್ಟೆ ಪಕ್ಕ ಹೊಟ್ಟೆ. ಆಮೇಲೆ ಅವರು ತಮ್ಮ ಬ್ಯಾಗ್ ಜಗ್ಗಿದರು. ಕೂದಲೂ ಬಂದವು. "ಯವ್ವಾ!" ಎಂದರು.

ಅವರದು ಕಿತ್ತು ಬಂತು. ನನ್ನದು ಬರುವುದು ಇನ್ನೊಂದು ಅಂಟಿಸಲಿಕ್ಕಷ್ಟೇ.

ಅದು ಅವರಿಗೂ ಹೊಳೆಯಿತು. ನಗು ನಿಂತಿತು. ಕೈಯಲ್ಲಿದ್ದ ಗಂಜಿ ಬ್ಯಾಗನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತರು.

"ಇವತ್ತ ನಂದೂ ಬದಲಿಸೂದೈತಿ. ತೊಳೀತೀರೇನ್ರಿ?" ಎಂದೆ.

ಬಿಸಿನೀರು, ಹತ್ತಿ ತಂದರು. ಬ್ಯಾಗ್ ಬಿಚ್ಚಿದೆ. ಕೆಂಪಗೆ, ಹಸಿಹಸಿಯಾಗಿ ಹೊರಬಂದ ಕರುಳನ್ನು ಅವರು ಮೊದಲ ಸಲ ನೋಡಿದರು. ಹತ್ತಿ ಅದ್ದಿ ಮೆಲ್ಲಗೆ ಒರೆಸಿದರು. ಮುಖ ತಿರುಗಿಸಲಿಲ್ಲ.

"ನೋವಾತೇನು?"

"ಅಲ್ಲಿ ಏನೂ ತಿಳಿಯೂದಿಲ್ಲರಿ. ಸುತ್ತ ತಿಳೀತೈತಿ."

ಈಗ ಮಂಗಳವಾರ, ಶುಕ್ರವಾರ ಅವರೇ ತೊಳೆಯುತ್ತಾರೆ. ಕೆಲವು ದಿನ ನಾನು ಬೇಡವೆನ್ನುತ್ತೇನೆ. ಆಗ ಹೊರಗೆ ಕೂತು ಕಾಯುತ್ತಾರೆ.