ಗುಂಡಿಯೂ ನಿಮ್ಮದು, ಕೊಳೆಯೂ ನಿಮ್ಮದು

ಆ ಗುಂಡಿಗಾಗಿ ನಾನು ತೆತ್ತದ್ದು ಒಂದು ಹಳೆಯ ಐದು ಎಚ್‌ಪಿ ಮೋಟಾರು, ಎರಡು ಲೋಡ್ ಜಲ್ಲಿ. ತೆರದಿದ್ದರೆ ನನ್ನ ಶೆಡ್ಡಿಗೆ ಬೀಗ ಬೀಳುತ್ತಿತ್ತು. ಕೇಳಲು ಚಾಚಿದ ಕೈ ಇನ್ನೂ ಕಣ್ಣಿಗೆ ಕಟ್ಟಿದಂತಿದೆ: ಉಗುರಿನ ಬುಡಕ್ಕೆ ಕಾಫಿಹಣ್ಣಿನ ಕಪ್ಪು ಹತ್ತಿದ, ಸುಣ್ಣಕ್ಕೆ ಬಿರಿದ ಕೈ. ಅದು ಪಕ್ಕದ ಶೆಡ್ಡಿನ ಅಕ್ಕನದು.

ಕಾಫಿಯನ್ನು ಬೆಳೆಗಾರರೇ ಮಾರಬಹುದು ಎಂದಾದ ಮೇಲೆ ಮೂಡಿಗೆರೆ ಕಡೆಯ ನಮ್ಮ ಹಳ್ಳದ ದಂಡೆಯಲ್ಲಿ ನಾಲ್ಕು ಪಲ್ಪಿಂಗ್ ಶೆಡ್ಡುಗಳೆದ್ದವು. ಹಣ್ಣಿನ ಸಿಪ್ಪೆ ಸುಲಿದು, ತೊಳೆದ ನೀರನ್ನು ಹಳ್ಳಕ್ಕೆ ಬಿಡುವುದು, ಅಷ್ಟೇ ನಮಗೆ ಗೊತ್ತಿದ್ದದ್ದು. ಅಕ್ಕ ಹಿಂದೆ ಕ್ಯೂರಿಂಗ್ ವರ್ಕ್ಸಿನಲ್ಲಿ ಬೀಜ ಆರಿಸುತ್ತಿದ್ದವರು. ನಾನೂ ಬರಿಗೈಯಲ್ಲಿ ಬಂದವನೇ. ಆದರೆ ಪ್ಲಾಂಟರುಗಳು ಜೀಪಿಳಿದು ನಮಸ್ಕಾರ ಹೇಳುತ್ತಿದ್ದದ್ದು ಅವರಿಗೆ. ನನಗೆ ಹಾರ್ನ್ ಹೊಡೆದು ಕರೆಯುತ್ತಿದ್ದರು.

ಒಂದು ಡಿಸೆಂಬರಿನಲ್ಲಿ ಕೆಳಗಿನ ಊರಿನವರು ಬಂದರು. ಅವರಲ್ಲಿ ಹಿರಿಯರೊಬ್ಬರು ಹಳ್ಳದ ನೀರು ತುಂಬಿದ ಬಿಂದಿಗೆಯನ್ನು ನನ್ನ ಮೇಜಿನ ಮೇಲೆ ಕುಕ್ಕಿ, "ಕುಡೀರಿ ಸಾವ್ಕಾರ್ರೇ, ಆಮೇಲೆ ಮಾತಾಡಣ. ಇಲ್ದಿದ್ರೆ ಬೀಗ ತಂದಿದೀವಿ" ಅಂದರು. ನೀರು ಹುಳಿತು ನಾರುತ್ತಿತ್ತು. ನಾನು ಉಳಿದ ಮೂರು ಶೆಡ್ಡುಗಳತ್ತ ಬೆರಳು ತೋರಿಸಿದೆ. ಗಲಾಟೆ ಕೇಳಿ ಬಂದ ಅಕ್ಕ ಮಾತ್ರ ಬಿಂದಿಗೆ ಮೂಸಿ, "ಇದ್ರಲ್ಲಿ ನಂದೂ ಇದೆ. ಹದಿನೈದು ದಿನ ಕೊಡಿ" ಅಂದರು.

ಆ ಸಂಜೆಯೇ ಅಕ್ಕ ಉಳಿದ ಶೆಡ್ಡುಗಳ ನಮ್ಮ ಮೂವರನ್ನೂ ಕೂರಿಸಿದರು. "ತೊಳೆದ ನೀರು ಇಂಗ್ಸೋಕೆ ಒಬ್ಬೊಬ್ರಿಗೆ ಒಂದೊಂದು ಗುಂಡಿ ಯಾಕ್ರೋ? ಎಲ್ರಿಗೂ ಸೇರಿ ಒಂದೇ ಸಾಕು. ಸುಣ್ಣ ಹಾಕಿ ತಿಳಿ ಮಾಡಿದ್ರೆ ಅದೇ ನೀರಲ್ಲಿ ಮತ್ತೆ ಹಣ್ಣು ಸುಲೀಬಹುದು."

ನನ್ನ ಚೌಕಾಸಿ ಬುದ್ಧಿ ಎಚ್ಚರವಾಯಿತು. "ಹಾಗಾದ್ರೆ ನಿಮ್ ಜಾಗದಲ್ಲೇ ತೋಡ್ಸಿ ಅಕ್ಕ. ಗುಂಡೀನೂ ನಿಮ್ದು, ಕೊಳೇನೂ ನಿಮ್ದು. ಎತ್ತಿ ಹಾಕೋಕೆ ನನ್ನ ಕರೀಬೇಡಿ" ಎಂದು ಕಾಗದದಲ್ಲೇ ಬರೆಸಿಕೊಂಡೆ. ಉಳಿದಿಬ್ಬರು ನನ್ನ ಬೆನ್ನು ತಟ್ಟಿದರು.

ಅಕ್ಕ ನಗುತ್ತಾ ಸಹಿ ಹಾಕಿದರು. "ಆಯ್ತು ಮಾರಾಯ, ಕೊಳೆ ನಂಗೇ ಇರ್ಲಿ."

ನನ್ನ ಮೋಟಾರು, ಜಲ್ಲಿ ಸೇರಿ ಹದಿನೈದು ದಿನದಲ್ಲಿ ಗುಂಡಿ ಮುಗಿಯಿತು; ಶೆಡ್ಡುಗಳು ಉಳಿದವು. ಮುಂದಿನ ಬೇಸಿಗೆಗೆ ಆ ಕೊಳೆ, ಸಿಪ್ಪೆಯೊಂದಿಗೆ ಕಳಿತು ಕರಿ ಗೊಬ್ಬರವಾಯಿತು. ಎಸ್ಟೇಟುಗಳ ಟ್ರ್ಯಾಕ್ಟರುಗಳು ಅಕ್ಕನ ಗೇಟಿನಿಂದ ನನ್ನ ಗೇಟಿನವರೆಗೆ ಸಾಲುಗಟ್ಟಿದವು. ಬೇರೆ ಜಿಲ್ಲೆಯ ಅಧಿಕಾರಿಗಳು ಬಂದು ಅವರನ್ನು ಗುಂಡಿಯ ಪಕ್ಕ ನಿಲ್ಲಿಸಿ ಫೋಟೋ ತೆಗೆದರು. ಹಿಂದೆ ತಿರುಗುತ್ತಿದ್ದ ಮೋಟಾರು ಯಾರದೆಂದು ಯಾರೂ ಕೇಳಲಿಲ್ಲ. ನನಗೆ ಅನ್ನ ಸೇರಲಿಲ್ಲ.

ನಾಚಿಕೆ ಬಿಟ್ಟು ಹೋದೆ. "ಅಕ್ಕ, ಗೊಬ್ಬರದಲ್ಲಿ ನಮಗೂ ಒಂದು ಪಾಲು..."

ಅವರು ಆ ಕಾಗದ ತೆಗೆದರು. "ಓದು ಮಾರಾಯ. ಕನ್ನಡಕ ಕೊಡ್ಲಾ?"

ಮರುದಿನ ನನ್ನ ಮೆಣಸಿನ ಬಳ್ಳಿಗಳಿಗೆಂದು ಒಂದು ಲೋಡ್ ಗೊಬ್ಬರ ಬಂತು. ಜತೆಗೆ ಡ್ರೈವರನ ಬಾಯಲ್ಲಿ ಸಂದೇಶ: "ಇದು ಪಾಲಲ್ವಂತೆ. ಮೋಟಾರು ಕೊಟ್ಟೋರಿಗೆ ಮರ್ಯಾದೆಯಂತೆ." ಆ ವರ್ಷ ಬಳ್ಳಿ ಚೆನ್ನಾಗಿ ಹಿಡಿಯಿತು. ನನ್ನ ಹೊಟ್ಟೆಕಿಚ್ಚೂ.

ಕೆಲವು ವರ್ಷಗಳ ಮೇಲೆ ಅಕ್ಕ ಕಾಯಿಲೆಯಿಂದ ತೀರಿಕೊಂಡರು. ಕೊನೆಯ ಸ್ನಾನಕ್ಕೆ ಕೆಳಗಿನ ಊರಿನವರು ಹಳ್ಳದ ನೀರನ್ನೇ ಬಿಂದಿಗೆಯಲ್ಲಿ ಹೊತ್ತು ತಂದರು. ಬಗ್ಗಿ ನೋಡಿದೆ, ತಳ ಕಾಣುತ್ತಿತ್ತು. ಸತ್ತವರ ಮೇಲೂ ಹೊಟ್ಟೆಕಿಚ್ಚುಪಡಬಹುದೆಂದು ಅವತ್ತು ಗೊತ್ತಾಯಿತು. ನನಗೆ ಹಾಗೆ ನೀರು ತರುವವರು ಯಾರು?

ಶೆಡ್ಡು ಹಾಕುವವರಿಗೆ ನನ್ನದೊಂದು ಮಾತು. ಹಳ್ಳ ಒಂದೇ ಆದರೆ ಗುಂಡಿಯನ್ನೂ ಸೇರಿಯೇ ತೋಡಿ. ಯಾರಾದರೂ ಬಿಂದಿಗೆ ತಂದಿಟ್ಟರೆ ಮೊದಲು ನೀವೇ ಮೂಸಿ. ಕೊಳೆಯನ್ನು ಇನ್ನೊಬ್ಬರ ಹೆಸರಿಗೆ ಬರೆಯುವ ಮುನ್ನ ಮಾತ್ರ ಒಂದು ಬೇಸಿಗೆ ಕಾಯಿರಿ.